ಯಂತ್ರಗಳು ಉಳಿಸಿದ ಸಮಯ ಯಾರ ಪಾಲಾಯಿತು?

ಕರಾವಳಿಯ ಯಾವುದೇ ಹಳೆಯ ಮನೆಯ ಹಿತ್ತಿಲಿಗೆ ಹೋಗಿ ನೋಡಿ. ಬಾವಿಕಟ್ಟೆಯ ಪಕ್ಕದಲ್ಲೋ ಕರಿಬೇವಿನ ಗಿಡದ ಬುಡದಲ್ಲೋ ಒಂದು ಕಡೆಯುವ ಕಲ್ಲು ಬಿದ್ದಿರುತ್ತದೆ. ಅದರ ಗುಂಡಿಯಲ್ಲಿ ನಿಂತ ಮಳೆನೀರನ್ನು ಕೋಳಿಗಳು ಕುಡಿಯುತ್ತಿರುತ್ತವೆ. ಒಂದು ಕಾಲದಲ್ಲಿ ಆ ಮನೆಯ ಹೆಣ್ಮಗಳ ದಿನಚರಿಯನ್ನು ನಿರ್ಧರಿಸುತ್ತಿದ್ದುದೇ ಆ ಕಲ್ಲು. ಮಧ್ಯಾಹ್ನದ ಸಾರಿಗೆ ತೆಂಗಿನಕಾಯಿ ಮತ್ತು ಮೆಣಸು, ರಾತ್ರಿ ನೆನೆಹಾಕಿದ ಅಕ್ಕಿ, ಮರುದಿನದ ದೋಸೆಗೆ ಉದ್ದು, ಎಲ್ಲವೂ ಆ ಕಲ್ಲಿನ ಮೂಲಕವೇ ಹಾದುಹೋಗಬೇಕಿತ್ತು. ಬಳಿಕ ಮಿಕ್ಸಿ ಬಂತು, ಗ್ರೈಂಡರ್ ಬಂತು. ಒಂದು ಗಂಟೆಯ ಕೆಲಸ ಐದು ನಿಮಿಷಕ್ಕಿಳಿಯಿತು. ಕಲ್ಲು ಹಿತ್ತಿಲು ಸೇರಿತು.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇ ಇಲ್ಲ. ಆ ಐವತ್ತೈದು ನಿಮಿಷಗಳು ಎಲ್ಲಿ ಹೋದವು?

ಮಿಕ್ಸಿಯೊಂದೇ ಅಲ್ಲ. ಬಾವಿಗೆ ಪಂಪು ಬಂತು. ಸೌದೆ ಒಲೆಯ ಜಾಗಕ್ಕೆ ಗ್ಯಾಸ್ ಬಂತು. ಬಟ್ಟೆ ಒಗೆಯುವ ಯಂತ್ರ ಮತ್ತು ಫ್ರಿಜ್ ಬಂದವು. ಕೈಯಲ್ಲಿ ಮೊಬೈಲ್ ಬಂತು. ವಿದ್ಯುತ್ ಬಿಲ್ ಕಟ್ಟುವ ಸರದಿ, ಬ್ಯಾಂಕಿನ ಸರದಿ, ರೈಲ್ವೆ ಟಿಕೆಟಿನ ಸರದಿ ಎಲ್ಲವೂ ಮೊಬೈಲಿನೊಳಗೆ ಸೇರಿಕೊಂಡವು. ಲೆಕ್ಕ ಹಾಕಿದರೆ ನಮ್ಮ ಅಜ್ಜ ಅಜ್ಜಿಯರಿಗೆ ಹೋಲಿಸುವಾಗ ಪ್ರತಿದಿನ ಹಲವು ಗಂಟೆಗಳ ಸಮಯ ನಮ್ಮಲ್ಲಿ ಮಿಗಬೇಕಿತ್ತು. ವಸ್ತುಸ್ಥಿತಿ ಏನು? ಮದುವೆಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಸಮಯವಿಲ್ಲ. ರೋಗಿಯ ಸಂದರ್ಶನಕ್ಕೆ ಸಮಯವಿಲ್ಲ. ಪುಸ್ತಕ ಓದಲು ಸಮಯವಿಲ್ಲ. ಮಗಳು ಶಾಲೆಯಿಂದ ತಂದ ಚಿತ್ರವನ್ನು ನೋಡಲಿಕ್ಕೂ ಸಮಯವಿಲ್ಲ. ಹಾಗಂತ ಈ ಮಾತನ್ನು ಹೇಳುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಂದು ನನಗನ್ನಿಸುವುದಿಲ್ಲ. ಅವರಲ್ಲಿ ನಿಜಕ್ಕೂ ಸಮಯವಿಲ್ಲ.

1930ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೀನ್ಸ್ ಒಂದು ಪ್ರಬಂಧ ಬರೆದರು. ಇನ್ನು ನೂರು ವರ್ಷಗಳಲ್ಲಿ ಯಂತ್ರಗಳ ಸಾಮರ್ಥ್ಯ ಎಷ್ಟು ಹೆಚ್ಚಿರುತ್ತದೆಂದರೆ, ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತು ಎಂಬುದು ಅವರ ಅಂದಾಜಾಗಿತ್ತು. ಉಳಿದ ಸಮಯವನ್ನು ಏನು ಮಾಡುವುದು ಎಂಬುದೇ ಮುಂದಿನ ಪೀಳಿಗೆಯ ದೊಡ್ಡ ಸಮಸ್ಯೆಯಾಗಲಿದೆಯೆಂದು ಅವರು ಚಿಂತಿಸಿದ್ದರು. ಅವರು ಹೇಳಿದ 2030 ಈಗ ನಮ್ಮ ಬಾಗಿಲಲ್ಲಿದೆ. ಯಂತ್ರಗಳ ಬಗ್ಗೆ ಅವರು ಹೇಳಿದ್ದು ಬಹುತೇಕ ನಿಜವಾಗಿದೆ. ಗಂಟೆಗಳ ಬಗ್ಗೆ ಹೇಳಿದ್ದು? 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು, ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಸಂಸ್ಥೆಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ವೀಡಿಯೋ ಒಂದು ಹೊರಬಂತು. ಅವರದ್ದು 90 ಗಂಟೆಯ ಆಸೆ. ಭಾನುವಾರ ಮನೆಯಲ್ಲಿ ಕುಳಿತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂಬ ಅರ್ಥದ ಮಾತನ್ನೂ ಅವರು ಆಡಿದರು. ದೇಶವಿಡೀ ನಕ್ಕಿತು, ಸಿಟ್ಟಾಯಿತು, ಆಮೇಲೆ ಮರೆಯಿತು.

ನಾನು ಆ ಮಾತನ್ನು ಮರೆಯಲಾರೆ. ಯಾಕೆಂದರೆ, ವಾರಕ್ಕೆ 90 ಗಂಟೆ ದುಡಿಯುವ ಗಂಡಸಿನ ಬಟ್ಟೆಯನ್ನು ಯಾರಾದರೂ ಒಗೆಯಲೇಬೇಕು. ಅವನ ಬುತ್ತಿಯನ್ನು ಯಾರಾದರೂ ತುಂಬಲೇಬೇಕು. ಅವನ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯಲು, ಅವನ ಮಗನ ಶಾಲೆಯ ಸಭೆಗೆ ಹೋಗಲು ಇನ್ನೊಬ್ಬರಿರಲೇಬೇಕು. ಆ ಇನ್ನೊಬ್ಬರ ಗಂಟೆಗಳನ್ನು ಯಾವ ಅಧ್ಯಕ್ಷರೂ ಲೆಕ್ಕ ಹಾಕುವುದಿಲ್ಲ. ಅವರ ಭಾಷಣದಲ್ಲಿ ಆಕೆ ಗಂಡನಿಂದ ನೋಡಿಸಿಕೊಳ್ಳುತ್ತಾ ಸುಮ್ಮನೆ ಕುಳಿತಿರುವವಳು.

ಆದರೆ ಸರಕಾರ ಲೆಕ್ಕ ಹಾಕಿದೆ. ಕೇಂದ್ರ ಸಾಂಖ್ಯಿಕ ಇಲಾಖೆಯು 2019ರಲ್ಲಿ ಮತ್ತು 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕಾಗಿ ಮಹಿಳೆ ದಿನವೊಂದಕ್ಕೆ 2019ರಲ್ಲಿ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದಳು. 2024ರಲ್ಲಿ ಅದು 289 ನಿಮಿಷಗಳಾಗಿವೆ. ಅಂದರೆ ಹೆಚ್ಚುಕಡಿಮೆ ಐದು ಗಂಟೆ. ಮಕ್ಕಳ ಮತ್ತು ವೃದ್ಧರ ಆರೈಕೆಯ ಸಮಯ ಇದರಲ್ಲಿಲ್ಲ, ಅದರ ಲೆಕ್ಕ ಬೇರೆಯೇ ಇದೆ. ಈ ಐದು ವರ್ಷಗಳಲ್ಲಿ ಎಷ್ಟೋ ಮನೆಗಳಿಗೆ ಗ್ಯಾಸ್ ಬಂದಿದೆ, ಯಂತ್ರ ಬಂದಿದೆ, ಇಂಟರ್‌ನೆಟ್ ಬಂದಿದೆ. ಮಹಿಳೆಗೆ ಉಳಿದದ್ದು ಹತ್ತು ನಿಮಿಷ. ಇನ್ನು ಪುರುಷರದ್ದು? 2019ರಲ್ಲಿ 97 ನಿಮಿಷಗಳಿದ್ದುದು 2024ರಲ್ಲಿ 88ಕ್ಕೆ ಇಳಿದಿದೆ. ಅವನಿಗೂ ಒಂಬತ್ತು ನಿಮಿಷಗಳ ವಿನಾಯಿತಿ ದೊರೆತಿದೆ! ಅದೂ ಕೂಡ ಮನೆಗೆಲಸಕ್ಕೆ ಕೈಹಾಕಿದ ಪುರುಷರ ಸರಾಸರಿ ಮಾತ್ರ. 2019ರ ಸಮೀಕ್ಷೆಯ ಪ್ರಕಾರ ನೂರು ಪುರುಷರಲ್ಲಿ ಹಾಗೆ ಕೈಹಾಕಿದವರು ಸುಮಾರು 26 ಮಂದಿ. ಉಳಿದವರ ಪಾಲಿಗೆ ಮನೆಗೆಲಸ ಎಂಬ ಪದವೇ ಇಲ್ಲ.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ 'ಮೋರ್ ವರ್ಕ್ ಫಾರ್ ಮದರ್' ಎಂಬ ಪುಸ್ತಕ ಪ್ರಕಟಿಸಿದರು. ಮನೆಗೆ ಬಂದ ಯಂತ್ರಗಳು ತಾಯಿಯ ಕೆಲಸವನ್ನು ಯಾಕೆ ಕಡಿಮೆ ಮಾಡಲಿಲ್ಲ ಎಂಬುದೇ ಅದರ ವಸ್ತು. ಅವರ ಉತ್ತರ ಸರಳವಾಗಿದೆ. ಯಂತ್ರಗಳು ಮೊದಲು ರದ್ದುಗೊಳಿಸಿದ್ದು ಮನೆಯ ಗಂಡಸರು ಮತ್ತು ಮಕ್ಕಳು ಮಾಡುತ್ತಿದ್ದ ಕೆಲಸಗಳನ್ನು. ತಾಯಿಯ ಕೆಲಸಕ್ಕೆ ಯಂತ್ರ ಬಂದಾಗ ಆ ಕೆಲಸದ ಮಟ್ಟವೂ ಪ್ರಮಾಣವೂ ಏರಿತು. ಓದುವಾಗ ಇದು ಅಮೆರಿಕದ ಕಥೆಯೆಂದು ಅನ್ನಿಸುವುದೇ ಇಲ್ಲ. ನಮ್ಮಲ್ಲಿ ಸೌದೆ ಒಡೆಯುತ್ತಿದ್ದುದು ಗಂಡಸರು. ಗ್ಯಾಸ್ ಬಂದ ದಿನ ಅವರು ಕೊಡಲಿ ಕೆಳಗಿಟ್ಟು ಜಗಲಿಗೆ ಬಂದರು. ಬಾವಿಯಿಂದ ನೀರು ಸೇದಿ ಕೊಡುತ್ತಿದ್ದುದು ಮಕ್ಕಳು. ಪಂಪು ಬಂದ ದಿನ ಅವರೂ ಆಟಕ್ಕೆ ಹೋದರು. ತಾಯಿ ಮಾತ್ರ ಒಲೆಯ ಮುಂದೆಯೇ ಉಳಿದಳು. ಒಲೆಯ ಹೊಗೆ ಹೋಯಿತು, ನಿಜ. ಅದು ಸಣ್ಣ ಉಪಕಾರವೇನೂ ಅಲ್ಲ. ಆದರೆ ಒಂದು ಒಲೆಯ ಜಾಗದಲ್ಲಿ ಎರಡು ಬರ್ನರ್‌ಗಳಿರುವಾಗ ಒಂದೇ ಬಗೆಯ ಸಾರು ಸಾಕಾಗುವುದಿಲ್ಲ ತಾನೇ? ಹಿಂದೆ ಬೆಳಗ್ಗೆ ಗಂಜಿ, ಚಟ್ನಿ, ಒಣಮೀನು. ಈಗ ಒಬ್ಬನಿಗೆ ಪತ್ತಿರ್, ಇನ್ನೊಬ್ಬನಿಗೆ ಬ್ರೆಡ್, ಶಾಲೆಯ ಬುತ್ತಿಗೆ ನೂಡಲ್ಸ್, ಸಕ್ಕರೆ ಕಾಯಿಲೆಯ ಅತ್ತೆಗೆ ರಾಗಿ. ವಾರಕ್ಕೆರಡು ಬಾರಿ ಒಗೆಯುತ್ತಿದ್ದ ಬಟ್ಟೆಯನ್ನು ಈಗ ಒಮ್ಮೆ ಧರಿಸಿದೊಡನೆ ಯಂತ್ರಕ್ಕೆ ಎಸೆಯಲಾಗುತ್ತದೆ. ಯಂತ್ರ ಒಗೆಯುತ್ತದೆ. ಒಣಗಿಸಿ, ಮಡಚಿ, ಇಸ್ತ್ರಿ ಹಾಕಿ, ಕಪಾಟಿನಲ್ಲಿಡುವುದು ಯಂತ್ರವಲ್ಲ.

ಇದರ ಪೂರ್ಣರೂಪವನ್ನು ನೋಡಬೇಕಾದರೆ ರಮಝಾನಿನಲ್ಲಿ ನಮ್ಮ ಅಡುಗೆಕೋಣೆಗೆ ಹೋಗಬೇಕು. ಉಪವಾಸವೆಂಬುದು ಆಹಾರವನ್ನು ಕಡಿಮೆ ಮಾಡುವ ತಿಂಗಳು. ಆದರೆ ಮಿಕ್ಸಿಗೆ ಅತ್ಯಂತ ಹೆಚ್ಚು ಕೆಲಸವಿರುವ ತಿಂಗಳೂ ಅದುವೇ. ಸಮೋಸ, ಕಟ್ಲೆಟ್, ತರಿಗಂಜಿ, ಹಣ್ಣಿನ ಮೂರು ಬಗೆಯ ಪಾನೀಯಗಳು. ಅಸರ್ ನಮಾಝಿನಿಂದ ಮಗ್ರಿಬ್ ಅಝಾನಿನವರೆಗೆ ಉಪವಾಸವಿರುವ ಮಹಿಳೆ ಎಣ್ಣೆಯ ಬಾಣಲೆಯ ಮುಂದೆ ನಿಂತಿರುತ್ತಾಳೆ. ಉಪವಾಸವಿರುವ ಪುರುಷ ಮೊಬೈಲಿನಲ್ಲಿ ಅಝಾನಿಗೆ ಎಷ್ಟು ನಿಮಿಷ ಬಾಕಿಯಿದೆಯೆಂದು ನೋಡುತ್ತಿರುತ್ತಾನೆ. ಪ್ರವಾದಿ(ಸ) ತಮ್ಮ ಮನೆಯ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದೂ ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದೂ ಮಿಂಬರಿನಿಂದ ಕೇಳದ ಪುರುಷ ನಮ್ಮಲ್ಲಿ ಯಾರಿದ್ದಾರೆ? ಅದನ್ನು ಕೇಳಿ ತಲೆದೂಗಿ ಮನೆಗೆ ಬರುವಾಗ ಊಟ ಬಡಿಸಿಟ್ಟಿರುತ್ತದೆ. ಅದನ್ನು ಬಡಿಸಿದವಳಿಗೆ ಆ ಖುತುಬಾದ ಅಗತ್ಯವಿರಲಿಲ್ಲ.

ಇನ್ನು ಮೊಬೈಲಿನ ವಿಷಯಕ್ಕೆ ಬರೋಣ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರಿಂದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ. ಆಗ ಹೊರಹೋಗುವ ಕರೆಗೂ ಹಣ, ಒಳಬರುವ ಕರೆಗೂ ಹಣ. 2003ರಲ್ಲಿ ಒಳಬರುವ ಕರೆ ಉಚಿತವಾದ ಬಳಿಕವೇ ಮೊಬೈಲು ಆಟೋ ಚಾಲಕನ ಜೇಬಿಗೂ ಮೀನು ಮಾರುವವನ ಬುಟ್ಟಿಗೂ ಇಳಿಯಿತು. ಅಲ್ಲಿಯವರೆಗೆ ಗಲ್ಫ್‌ನಲ್ಲಿರುವ ಗಂಡಸರ ಕುಟುಂಬಗಳಿಗೆ ಇದ್ದುದು ಪತ್ರಗಳು, ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ ಧ್ವನಿಮುದ್ರಿತ ಕ್ಯಾಸೆಟ್‌ಗಳು, ಆಮೇಲೆ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು. ಪತ್ರ ತಲುಪಲು ವಾರಗಳು ಬೇಕಿದ್ದವು. ಮಗುವಿಗೆ ಜ್ವರವೆಂಬ ಸುದ್ದಿ ದಮಾಮ್ ತಲುಪುವಾಗ ಆ ಮಗು ಅಂಗಳದಲ್ಲಿ ಓಡುತ್ತಿತ್ತು. ಆ ವಿರಹವನ್ನು ಸುಂದರವೆಂದು ಹಾಡಿ ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ತಂದೆಯ ಮಯ್ಯಿತನ್ನು ನೋಡಲಾಗದೇ, ಸುದ್ದಿಯನ್ನು ಕೂಡ ದಫನ್ ಮುಗಿದ ಬಳಿಕ ತಿಳಿದುಕೊಂಡ ಮಕ್ಕಳು ಆ ಕಾಲದಲ್ಲಿ ಬಹಳ ಮಂದಿಯಿದ್ದರು. ಇವತ್ತು ಮಗುವಿನ ಮೊದಲ ಹೆಜ್ಜೆಯನ್ನು ಶಾರ್ಜಾದ ಮಹಡಿ ಮಂಚದಲ್ಲಿ ಮಲಗಿ ತಂದೆ ನೋಡುತ್ತಾನೆ. ಇದು ದೊಡ್ಡ ಅನುಗ್ರಹ.

ಆದರೆ ಅದೇ ಪರದೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಪತ್ರದ ಕಾಲದಲ್ಲಿ ಗಂಡ ತಿಂಗಳಿಗೊಮ್ಮೆ ಹಣ ಕಳುಹಿಸುತ್ತಿದ್ದ. ಮನೆ ನಡೆಸುವ ತೀರ್ಮಾನಗಳೆಲ್ಲ ಹೆಂಡತಿಯವು. ಮಗನನ್ನು ಯಾವ ಶಾಲೆಗೆ ಸೇರಿಸಬೇಕು, ಛಾವಣಿ ಯಾವಾಗ ರಿಪೇರಿ ಮಾಡಿಸಬೇಕು, ಅಂಗಡಿಯ ಸಾಲವೆಷ್ಟು ಎಂಬುದನ್ನೆಲ್ಲ ನಿಭಾಯಿಸುತ್ತಾ ಆಕೆ ಒಂದು ಸಂಸ್ಥೆಯನ್ನೇ ನಡೆಸುವಷ್ಟು ಗಟ್ಟಿಗಿತ್ತಿಯಾದಳು. ಈಗ ಮೀನಿಗೆಷ್ಟು ಕೊಟ್ಟೆ, ತೋರಿಸು. ಯಾಕೆ ಹನ್ನೊಂದು ಗಂಟೆಗೆ ಆನ್‌ಲೈನ್‌ನಲ್ಲಿದ್ದೆ? ನೀಲಿ ಗೆರೆ ಬಂದಿದೆ, ಉತ್ತರವಿಲ್ಲ, ಯಾಕೆ? 2014ರ ನವೆಂಬರಿನಲ್ಲಿ ವಾಟ್ಸಾಪ್ ಆ ಎರಡು ನೀಲಿ ಗೆರೆಗಳನ್ನು ತಂದಾಗ, ಅವು ಇಷ್ಟು ಮನೆಗಳಲ್ಲಿ ಸಾಕ್ಷಿ ನುಡಿಯಲಿವೆಯೆಂದು ಯಾರು ಭಾವಿಸಿದ್ದರು? ಆ ಕಡೆ ಅವನ ಸ್ಥಿತಿಯೂ ಭಿನ್ನವಲ್ಲ. ಹನ್ನೆರಡು ಗಂಟೆ ಸೂಪರ್ ಮಾರ್ಕೆಟಿನಲ್ಲಿ ನಿಂತು ಕೋಣೆಗೆ ಬಂದವನಿಗೆ ಊರಿನ ಕುಟುಂಬ ಗುಂಪಿನಲ್ಲಿ ನಲ್ವತ್ತು ಸಂದೇಶಗಳು ಕಾದಿರುತ್ತವೆ. ಒಂದಕ್ಕೆ ಹೆಬ್ಬೆಟ್ಟು ತೋರಿಸದಿದ್ದರೂ ತಂಗಿಯ ಗಂಡನಿಗೆ ಮುನಿಸು.

ನನ್ನ ವೃತ್ತಿಯನ್ನೇ ತೆಗೆದುಕೊಳ್ಳಿ. ವಾರಪತ್ರಿಕೆಯ ಪುಟಗಳು ಮುದ್ರಣಾಲಯಕ್ಕೆ ಹೋದ ಬಳಿಕ ಕಚೇರಿಯಲ್ಲಿ ಒಂದು ದಿನ ಮೌನವಿರುತ್ತಿತ್ತೆಂದು ಹಿರಿಯರು ಹೇಳುವುದಿದೆ. ಆ ದಿನ ಅವರು ಹಳೆಯ ಪುಸ್ತಕಗಳನ್ನು ಓದುತ್ತಿದ್ದರು, ಓದುಗರ ಪತ್ರಗಳಿಗೆ ಅಂಚೆ ಕಾರ್ಡಿನಲ್ಲಿ ಉತ್ತರ ಬರೆಯುತ್ತಿದ್ದರು, ಪರಸ್ಪರ ಜಗಳವಾಡುತ್ತಿದ್ದರು. ಒಳ್ಳೆಯ ಲೇಖನಗಳು ಹುಟ್ಟುತ್ತಿದ್ದುದು ಆ ಜಗಳಗಳಿಂದ. ಈಗ ಕೀಲಿಮಣೆಯಲ್ಲಿ ನಾನೇ ಬೆರಳಚ್ಚಿಸುತ್ತೇನೆ, ನಾನೇ ಪುಟ ಕಟ್ಟುತ್ತೇನೆ, ಕರಡನ್ನು ತಿದ್ದುವವನೂ ನಾನೇ. ಹಿಂದೆ ನಾಲ್ವರು ಮಾಡುತ್ತಿದ್ದುದನ್ನು ಒಬ್ಬ ಮಾಡುತ್ತಾನೆ. ಯಂತ್ರ ಉಳಿಸಿದ ಸಮಯ ಆ ಮೌನದ ದಿನಕ್ಕೆ ಸೇರಬೇಕಿತ್ತಲ್ಲವೇ? ಸೇರಲಿಲ್ಲ. ಮೌನದ ದಿನವೇ ರದ್ದಾಯಿತು. ರಾತ್ರಿ ಹನ್ನೊಂದಕ್ಕೆ ಎಲ್ಲೋ ಒಂದು ಹೇಳಿಕೆ, ಅದಕ್ಕೊಂದು ಪ್ರತಿಹೇಳಿಕೆ. ಬೆಳಗ್ಗೆಯವರೆಗೆ ಕಾದರೆ ತಡವಾಯಿತೆಂಬ ಭಯ.

ಮದ್ರಸದ ಉಸ್ತಾದರನ್ನು ಕೇಳಿ. ಹಿಂದೆ ಮಗುವಿನ ದೂರು ಹೇಳಬೇಕಾದರೆ ತಂದೆ ಮಸೀದಿಗೆ ಬರಬೇಕಿತ್ತು. ಈಗ ರಾತ್ರಿ ಹತ್ತಕ್ಕೆ ಗುಂಪಿನಲ್ಲಿ ಧ್ವನಿ ಸಂದೇಶ ಬರುತ್ತದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ತೂಕವನ್ನೂ ಹಾಜರಿಯನ್ನೂ ಮನೆಭೇಟಿಯನ್ನೂ ತುಂಬಬೇಕು. ಸಿಗ್ನಲ್ ಇಲ್ಲದ ಊರಿನಲ್ಲಿ ಅದಕ್ಕಾಗಿ ಗುಡ್ಡ ಹತ್ತಬೇಕು. ಗುಡ್ಡ ಹತ್ತಿದ ಸಮಯವನ್ನು ಆ್ಯಪ್ ದಾಖಲಿಸುವುದಿಲ್ಲ.

2024ರ ಜುಲೈಯಲ್ಲಿ ಪುಣೆಯ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ ಕೇರಳದ 26ರ ಹರೆಯದ ಯುವತಿಯೊಬ್ಬಳು ತೀರಿಕೊಂಡಳು. ರಾತ್ರಿಗಳಲ್ಲೂ ವಾರಾಂತ್ಯದಲ್ಲೂ ಮಗಳಿಗೆ ಬಿಡುವಿರಲಿಲ್ಲವೆಂದು ಆಕೆಯ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಚರ್ಚೆಯಾಯಿತು. ಕೆಲಸದ ಒತ್ತಡವೇ ಕಾರಣವೆಂಬುದನ್ನು ಸಂಸ್ಥೆ ಒಪ್ಪಲಿಲ್ಲ. ಆ ವಿವಾದದ ತೀರ್ಪು ನೀಡಲು ನಾವು ಅರ್ಹರಲ್ಲ. ಆದರೆ ಅದನ್ನು ಓದಿದ ಎಷ್ಟು ತಾಯಂದಿರು, ಬೆಂಗಳೂರಿನಲ್ಲಿರುವ ತಮ್ಮ ಮಗನಿಗೋ ಮಗಳಿಗೋ ಆ ರಾತ್ರಿ ಕರೆ ಮಾಡಿ ಊಟವಾಯಿತಾ ಎಂದು ಕೇಳಿರಬಹುದು! ಊಟವಾಗಿರಲಿಲ್ಲ ಎಂಬ ಉತ್ತರ ಎಷ್ಟು ಮಂದಿಗೆ ಸಿಕ್ಕಿರಬಹುದು!

ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಕೆಲಸದ ಸಮಯ ಮುಗಿದ ಬಳಿಕ ಕಚೇರಿಯ ಸಂದೇಶಗಳಿಂದ ದೂರವಿರುವ ಹಕ್ಕನ್ನು ಕಾನೂನು ಮಾನ್ಯ ಮಾಡಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಲ್ಲಿ ಇಂಥದ್ದೇ ಕಾನೂನು ಜಾರಿಗೆ ಬಂತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು. 2025ರ ಡಿಸೆಂಬರಿನಲ್ಲಿ ಮತ್ತೆ ಮಂಡಿಸಿದರು. ಖಾಸಗಿ ಮಸೂದೆಗಳು ನಮ್ಮ ಸಂಸತ್ತಿನಲ್ಲಿ ಕಾನೂನಾಗುವುದು ಎಷ್ಟು ಅಪರೂಪವೆಂಬುದು ಗೊತ್ತೇ ಇದೆ. ಅದಕ್ಕೆ ತದ್ವಿರುದ್ಧವಾಗಿ, ನಮ್ಮ ರಾಜ್ಯದಲ್ಲಿ 2024ರ ಜುಲೈಯಲ್ಲಿ ಐಟಿ ಉದ್ಯೋಗಿಗಳ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪವೊಂದು ಸರಕಾರದ ಮುಂದೆ ಬಂದಿತ್ತು. ನೌಕರರ ಸಂಘ ಬೀದಿಗಿಳಿದುದರಿಂದ ಅದು ಬದಿಗೆ ಸರಿಯಿತು. ಇಷ್ಟಕ್ಕೂ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬುದು ಯಾವ ಯಂತ್ರವೂ ಕೊಟ್ಟ ಉಡುಗೊರೆಯಲ್ಲ. ಉಗಿಯಂತ್ರ ಬಂದಾಗ ಕಾರ್ಖಾನೆಯ ದಿನ ಚಿಕ್ಕದಾಗಲಿಲ್ಲ, 14 ಗಂಟೆಯಾಯಿತು. ಕಾರ್ಮಿಕರು ದಶಕಗಳ ಕಾಲ ಹೋರಾಡಿದ ಬಳಿಕ 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊತ್ತಮೊದಲ ಒಡಂಬಡಿಕೆಯಾಗಿ ಅದನ್ನು ಅಂಗೀಕರಿಸಿತು. ಸ್ವತಂತ್ರ ಭಾರತ 1948ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆಯ ಮಿತಿಯನ್ನು ಬರೆಯಿತು.

'ಮನೆಯಿಂದಲೇ ಕೆಲಸ' ಎಂಬುದನ್ನು ಕೋವಿಡ್ ಕಾಲದ ಆವಿಷ್ಕಾರವೆಂದು ಬೆಂಗಳೂರಿನವರು ಭಾವಿಸಿದ್ದಾರೆ. ದಕ್ಷಿಣ ಕನ್ನಡದ ಮಹಿಳೆಯರಿಗೆ ಅದು ತೀರಾ ಹಳೆಯದು. ತೊಡೆಯ ಮೇಲೆ ಗೆರಸೆ, ಅದರಲ್ಲಿ ಹೊಗೆಸೊಪ್ಪಿನ ಪುಡಿ, ಕತ್ತರಿಸಿದ ಎಲೆ, ನೂಲು. ಮುಸ್ಲಿಮ್, ಬಿಲ್ಲವ, ದಲಿತ ಎಂಬ ಭೇದವಿಲ್ಲದೇ ಸಾವಿರಾರು ಮನೆಗಳ ಜಗಲಿಯೇ ಬೀಡಿ ಕಾರ್ಖಾನೆಯಾಗಿತ್ತು. ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. ಗಂಟೆಯ ಲೆಕ್ಕವಿಲ್ಲ. ಸಾರು ಕುದಿಯುವ ನಡುವೆ, ಮಗುವನ್ನು ತೂಗುವ ನಡುವೆ, ಶಾಲೆಯಿಂದ ಬಂದ ಹೆಣ್ಮಕ್ಕಳ ಪಾಠದ ನಡುವೆ ಬೀಡಿ ಸುತ್ತುವ ಬೆರಳು ನಿಲ್ಲುತ್ತಿರಲಿಲ್ಲ. ಸಂಜೆ ಬ್ರಾಂಚಿಗೆ ಹೋದರೆ ಅಲ್ಲೊಬ್ಬ ಪರೀಕ್ಷಕನಿರುತ್ತಿದ್ದ. ಕಟ್ಟಿನಿಂದ ಕೆಲವನ್ನು ಕಿತ್ತು ಬದಿಗೆ ಹಾಕುತ್ತಿದ್ದ. ಯಾಕೆಂದು ಕೇಳುವಂತಿರಲಿಲ್ಲ. ಬದಿಗೆ ಹಾಕಿದ್ದಕ್ಕೆ ಮಜೂರಿಯೂ ಇರಲಿಲ್ಲ. ಆ ಹಣದಿಂದ ಎಷ್ಟೋ ಹುಡುಗಿಯರ ಕಿವಿಗೆ ಚಿನ್ನ ಬಂದಿದೆ, ಎಷ್ಟೋ ಹುಡುಗರು ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಅದರ ಬೆಲೆಯನ್ನು ಅವರ ಬೆನ್ನು ಮತ್ತು ಶ್ವಾಸಕೋಶ ತೆತ್ತಿವೆ.

ಮನೆಯಲ್ಲಿ ಸುತ್ತುವವಳು ಕಾರ್ಮಿಕಳೇ ಅಲ್ಲವೆಂಬ ವಾದವನ್ನು ಕಂಪನಿಗಳು ಮುಂದಿಟ್ಟಿದ್ದವು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಆಕೆಯನ್ನೂ ಕಾರ್ಮಿಕಳೆಂದು ಒಪ್ಪಿತು. ಆ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮಂಗಳೂರಿನದ್ದೇ ಕಂಪನಿಯೊಂದಿತ್ತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾನೂನೂ ಬಂತು.

ಇದನ್ನೆಲ್ಲ ನೆನಪಿಸಲು ಕಾರಣವಿದೆ. ಇವತ್ತು ಅದೇ ಬೀಡಿ ಸುತ್ತಿದವರ ಮೊಮ್ಮಗ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬೆನ್ನಿಗೆ ಚೌಕಾಕಾರದ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಓಡುತ್ತಿದ್ದಾನೆ. ಸಾವಿರಕ್ಕೆ ಇಷ್ಟೆಂಬುದರ ಜಾಗದಲ್ಲಿ ಆರ್ಡರಿಗೆ ಇಷ್ಟೆಂಬುದು ಬಂದಿದೆ. ಆರ್ಡರಿಗಾಗಿ ಹೋಟೆಲಿನ ಹೊರಗೆ ಕಾದು ನಿಂತ ಸಮಯಕ್ಕೆ ಲೆಕ್ಕವಿಲ್ಲ. ಪರೀಕ್ಷಕನ ಜಾಗದಲ್ಲಿ ಈಗ ನಕ್ಷತ್ರಗಳಿವೆ. ಯಾರೋ ಮೂರನೇ ಮಹಡಿಯಲ್ಲಿ ಕುಳಿತು ಎರಡು ನಕ್ಷತ್ರ ಒತ್ತುತ್ತಾರೆ, ಅವನ ಮರುದಿನದ ದುಡಿಮೆ ಕುಗ್ಗುತ್ತದೆ. ಯಾಕೆಂದು ಕೇಳಲು ಬ್ರಾಂಚಿನ ಬಾಗಿಲೂ ಇಲ್ಲ. 'ನೀನು ನೌಕರನಲ್ಲ, ಪಾಲುದಾರ' ಎಂದು ಕಂಪನಿ ಹೇಳುತ್ತದೆ. ಬೀಡಿ ಕಂಪನಿಗಳ ಹಳೆಯ ವಾದಕ್ಕೆ ಹೊಸ ಅಂಗಿ ತೊಡಿಸಿದರೆ ಹೀಗೆಯೇ ಕಾಣುತ್ತದೆ.

ರಾಜಸ್ಥಾನವು 2023ರಲ್ಲಿ ಇಂಥ ಕಾರ್ಮಿಕರಿಗಾಗಿ ಮೊದಲ ಕಾಯ್ದೆ ಮಾಡಿತು. ಕರ್ನಾಟಕ 2025ರಲ್ಲಿ ಮೊದಲು ಸುಗ್ರೀವಾಜ್ಞೆಯ ಮೂಲಕ, ಬಳಿಕ ವಿಧಾನಮಂಡಲದಲ್ಲಿ ಅಂಗೀಕರಿಸಿ ತನ್ನದೇ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲೂ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುಂಚೆ 14 ದಿನಗಳ ನೋಟಿಸು ನೀಡಬೇಕು. ಕಾರ್ಮಿಕರ ಪ್ರತಿನಿಧಿಗಳಿರುವ ಮಂಡಳಿಯಲ್ಲಿ ಅವನ ಹೆಸರು ನೋಂದಣಿಯಾಗಬೇಕು. ಇದು ಒಳ್ಳೆಯ ಹೆಜ್ಜೆ, ಸಂಶಯವಿಲ್ಲ. ನಮ್ಮ ಪಟ್ಟಣಗಳಲ್ಲಿ ಇಂಥ ಯುವಕರು ಮಸೀದಿಯ ಪ್ರತಿ ಸಾಲಿನಲ್ಲೂ ಇದ್ದಾರೆ. ಅವರಲ್ಲಿ ಎಷ್ಟು ಮಂದಿಗೆ ಈ ಕಾಯ್ದೆಯ ಬಗ್ಗೆ ತಿಳಿದಿದೆ? ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಶಿಬಿರ ನಡೆಸುವ ನಮ್ಮ ಸಂಘಟನೆಗಳು ಈ ನೋಂದಣಿಗಾಗಿ ಒಂದು ಶುಕ್ರವಾರ ಮೇಜು ಹಾಕಿ ಕುಳಿತರೆ ಕಷ್ಟವೇನು?

ಮಸೀದಿಯ ಮಾತು ಬಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಇಬ್ನ್ ಅಶ್ಶಾತಿರ್ ಎಂಬ ಖಗೋಳ ವಿಜ್ಞಾನಿ 'ಮುವಕ್ಕಿತ್' ಆಗಿದ್ದರು. ಅಂದರೆ, ನಮಾಝಿನ ವೇಳೆಯನ್ನು ಲೆಕ್ಕ ಹಾಕಿ ತಿಳಿಸುವವರು. 1371ರಲ್ಲಿ ಅವರು ಮಿನಾರದ ಮೇಲೆ ಅಮೃತಶಿಲೆಯ ದೊಡ್ಡದೊಂದು ನೆರಳುಗಡಿಯಾರವನ್ನು ನಿರ್ಮಿಸಿದರು. ಆ ಕಾಲದ ಅತ್ಯುನ್ನತ ತಂತ್ರಜ್ಞಾನವದು. ಅದರ ಉದ್ದೇಶ ಏನಾಗಿತ್ತು? ಕಮ್ಮಾರ ಸುತ್ತಿಗೆ ಕೆಳಗಿಡಲಿ, ವ್ಯಾಪಾರಿ ತಕ್ಕಡಿ ಬದಿಗಿಡಲಿ ಎಂದು ತಿಳಿಸುವುದು. ಇವತ್ತು ಪ್ರತಿಯೊಬ್ಬನ ಜೇಬಿನಲ್ಲೂ ಅದಕ್ಕಿಂತ ಸಾವಿರ ಪಟ್ಟು ನಿಖರವಾದ ಗಡಿಯಾರವಿದೆ. ಅದು ಅಝಾನ್ ಕೂಡ ಕೊಡುತ್ತದೆ. ಆದರೆ ನಮಾಝಿನ ಸಾಲಿನಲ್ಲಿ ನಿಂತಾಗ ಅದೇ ಉಪಕರಣ ಚಲನಚಿತ್ರ ಗೀತೆಯನ್ನು ಹಾಡಿ, ಕೆಲಸಕ್ಕೆ ಮರಳೆಂದು ಕರೆಯುತ್ತದೆ. ಮೊಬೈಲ್ ಆಫ್ ಮಾಡಿರಿ ಎಂಬ ಚೀಟಿ ಅಂಟದ ಕಂಬ ಈಗ ಯಾವ ಮಸೀದಿಯಲ್ಲಿದೆ? ಇಮಾಮರು ತಕ್ಬೀರಿಗೆ ಮುಂಚೆ ಸಾಲು ನೇರವಾಗಿಸಿ ಎಂದು ಹೇಳುತ್ತಿದ್ದವರು, ಈಗ ಅದರ ಜೊತೆ ಮೊಬೈಲನ್ನೂ ಸೇರಿಸಿ ಹೇಳಬೇಕಾಗಿದೆ.

ಯಂತ್ರಗಳನ್ನು ದೂರಿ ಪ್ರಯೋಜನವಿಲ್ಲ. ಕಡೆಯುವ ಕಲ್ಲನ್ನು ಹಿತ್ತಿಲಿನಿಂದ ಮತ್ತೆ ಒಳತರಬೇಕೆಂದು ಹೇಳುವವರು ಒಂದು ವಾರ ಅದರ ಮುಂದೆ ಕುಳಿತು ನೋಡಲಿ. ಯಂತ್ರ ಸಮಯವನ್ನು ಉಳಿಸಿಯೇ ಇದೆ. ಆದರೆ ಉಳಿದ ಸಮಯ ದುಡಿದವರ ಕೈಗೆ ತಾನಾಗಿಯೇ ಬಂದು ಸೇರುವುದಿಲ್ಲ. ಕೇಳಿ ಪಡೆಯದಿದ್ದರೆ ಬಲ ಇರುವವರು ಅದನ್ನು ಕೊಂಡೊಯ್ಯುತ್ತಾರೆ. ಕಚೇರಿಯಲ್ಲಿ ಆ ಬಲ ಮಾಲಕನದ್ದು. ಮನೆಯಲ್ಲಿ ಅದು ಹೆಚ್ಚಾಗಿ ನಮ್ಮದು, ಗಂಡಸರದ್ದು. ಒಂದೆಡೆ ಶೋಷಿತ, ಇನ್ನೊಂದೆಡೆ ಶೋಷಕ ಎಂಬ ಎರಡು ಪಾತ್ರಗಳನ್ನೂ ಒಬ್ಬನೇ ಒಂದೇ ದಿನದಲ್ಲಿ ನಿರ್ವಹಿಸಬಲ್ಲ. ರಾತ್ರಿ ಒಂಬತ್ತಕ್ಕೆ ಮೇಲಧಿಕಾರಿಯ ಸಂದೇಶ ಬಂದರೆ ಹಲ್ಲು ಕಡಿಯುವವನು, ಅದೇ ರಾತ್ರಿ ಹತ್ತಕ್ಕೆ ಇಬ್ಬರು ಗೆಳೆಯರನ್ನು ಕರೆತಂದು ಚಹಾ ಮಾಡೆಂದು ಒಳಗೆ ಕೂಗುತ್ತಾನೆ.

ಮಾಲಕರ ಬಗ್ಗೆ ಹೇಳುವಾಗ ನಮ್ಮವರನ್ನು ಬಿಟ್ಟುಬಿಡುವುದು ಸರಿಯಲ್ಲ. ಪಟ್ಟಣಗಳ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಸೂಪರ್ ಮಾರ್ಕೆಟ್, ಬೇಕರಿಗಳಲ್ಲಿ ಮುಸ್ಲಿಮರ ಮಾಲಕತ್ವದವು ಬಹಳಷ್ಟಿವೆ. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಅವುಗಳ ಬಾಗಿಲು ನಡುರಾತ್ರಿಯ ನಂತರವೂ ತೆರೆದಿರುತ್ತದೆ. ಗ್ರಾಹಕರೂ ನಾವೇ. ತರಾವೀಹ್ ಮುಗಿಸಿ ಕುಟುಂಬ ಸಮೇತ ಹೊರಟು, ನಲ್ವತ್ತು ಅಂಗಿಗಳನ್ನು ಬಿಚ್ಚಿಸಿ, ಒಂದನ್ನು ಕೊಂಡು ಬರುತ್ತೇವೆ. ಆ ನಲ್ವತ್ತನ್ನು ಮಡಚಿಡುವ ಹುಡುಗನೂ ಉಪವಾಸಿಗ. ಬೆಳಗ್ಗೆ ಹತ್ತಕ್ಕೆ ಬಂದವನು ಅವನು. ಆ ರಾತ್ರಿಗಳಲ್ಲಿ ಎಚ್ಚರವಿದ್ದು ಆರಾಧನೆಯಲ್ಲಿ ಕಳೆಯಬೇಕೆಂಬ ಉಪದೇಶ ಅವನ ಕಿವಿಗೂ ಬಿದ್ದಿದೆ. ಅಂಗಡಿ ಮುಚ್ಚಿ ಕೋಣೆಗೆ ಹೋಗಿ ಮಲಗಲು ಹೊರಟಾಗ ಅವನ ಮೊಬೈಲಿಗೆ ಗುಂಪಿನಲ್ಲಿ ಸಂದೇಶ ಬರುತ್ತದೆ: ನಾಳೆ ಹೊಸ ಮಾಲು ಇಳಿಯಲಿದೆ, ಒಂಬತ್ತಕ್ಕೇ ಬನ್ನಿ.

ಮುಂದಿನ ರಮಝಾನಿಗೆ ಮುಂಚೆ ಪ್ರತಿ ಊರಿನ ಜಮಾಅತ್ ಸಮಿತಿ ತನ್ನ ವ್ಯಾಪಾರಿಗಳನ್ನು ಒಮ್ಮೆ ಕರೆದು ಕೂರಿಸಬಹುದು. ಎಷ್ಟು ಗಂಟೆಗೆ ಬಾಗಿಲು ಮುಚ್ಚುವುದು, ಹೆಚ್ಚುವರಿ ಗಂಟೆಗೆ ಎಷ್ಟು ಸಂಬಳ, ಅಂಗಡಿ ಮುಚ್ಚಿದ ಬಳಿಕ ಗುಂಪಿನಲ್ಲಿ ಸಂದೇಶ ಹಾಕುವುದಿಲ್ಲ ಎಂಬ ಮೂರು ವಿಷಯಗಳನ್ನು ತೀರ್ಮಾನಿಸಿ ನೋಟಿಸ್ ಬೋರ್ಡಿಗೆ ಹಚ್ಚಬಹುದು. ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಅದಕ್ಕೆ ಜಾಗವಿದೆ. ಸಮಿತಿಯ ಪದಾಧಿಕಾರಿಗಳಲ್ಲಿ ಹೆಚ್ಚಿನವರು ವ್ಯಾಪಾರಿಗಳೇ ಆಗಿರುವುದರಿಂದ ಸಭೆಗೆ ಕೋರಂ ಕೊರತೆಯಂತೂ ಆಗಲಾರದು.